ಬದುವಿನ ಮೇಲಿನ ಬೂದುಗುಂಬಳ

ಹುಟ್ಟುಹಬ್ಬಕ್ಕೆ ನೆಂಟರನ್ನು ಕರೆಯುವುದು ಗೊತ್ತು, ಓಣಿಯ ಮಕ್ಕಳನ್ನು ಕರೆಯುವುದು ಗೊತ್ತು. ದೆವ್ವಗಳನ್ನು ಕರೆಯುವ ಬುದ್ಧಿ ಮರಳವಾಡಿಗೆ ಬಂದಿದ್ದು ಹಾರೋಹಳ್ಳಿ ಕಡೆಯ ಇಂಗ್ಲಿಷ್ ಸ್ಕೂಲಿನ ವ್ಯಾನು ಊರೊಳಗೆ ಓಡಾಡಲು ಶುರುವಾದ ಮೇಲೆ. ಆ ಸ್ಕೂಲಿನಲ್ಲಿ ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಅಂತ ಒಂದು ಮಾಡುತ್ತಾರೆ. ಮಕ್ಕಳು ಮುಖಕ್ಕೆ ಬಣ್ಣ ಬಳಿದುಕೊಳ್ಳಬೇಕು, ಕುಂಬಳಕಾಯಿಗೆ ಕಣ್ಣು ಮೂಗು ಕೊರೆದು ಒಳಗೆ ದೀಪ ಇಡಬೇಕು, ಒಬ್ಬರನ್ನೊಬ್ಬರು ಹೆದರಿಸಿ ಚಾಕಲೇಟು ತಿನ್ನಬೇಕು. ಶಿವಗಂಗಾಳ ಮಗಳು ಇಂಚರ ಹುಟ್ಟಿದ್ದೂ ಅದೇ ದಿನ. ಎಂಟು ತುಂಬುವ ಹುಡುಗಿ ಹಟ ಹಿಡಿದು ಕೂತಳು, ಕ್ಲಾಸಿನವರೆಲ್ಲ ನಮ್ಮನೆಗೇ ಬರಬೇಕು, ದೆವ್ವದ ಪಾರ್ಟಿಯೇ ಆಗಬೇಕು ಅಂತ.

ಶಿವಗಂಗ ಒಪ್ಪಿಕೊಂಡಳು. ಮೈಯೆಲ್ಲ ಸಗಣಿ ವಾಸನೆ ಅಂತ ಕ್ಲಾಸಿನಲ್ಲಿ ಮಗಳನ್ನು ಆಡಿಕೊಂಡಿದ್ದರು. ಅದೇ ಮಕ್ಕಳು ತನ್ನ ಅಂಗಳಕ್ಕೆ ಬಂದು ಬಾಯಿ ಬಿಟ್ಟು ನೋಡಲಿ ಅನ್ನುವ ಛಲ ಅವಳಿಗೂ ಇತ್ತು. ಗಂಡ ಕಾರ್ಖಾನೆ ಬಸ್ಸಿನ ಡ್ರೈವರು, ಮನೆ ಸೇರುವುದು ಎಲ್ಲರೂ ಮಲಗಿದ ಮೇಲೆ. ಹಾಗಾಗಿ ಪಾರ್ಟಿಯ ಕೆಲಸವೆಲ್ಲ ಅವಳ ತಮ್ಮ ಕಬ್ಬಾಳನ ತಲೆಗೆ ಬಂತು. ಕಬ್ಬಾಳ ಉಯ್ಯಂಬಳ್ಳಿಯವನು. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ಇರುವುದು ಅಕ್ಕನ ಮನೆಯಲ್ಲಿ. ಮದುವೆಯಾಗಿಲ್ಲ. ಅಕ್ಕನ ಮಗಳು ಕೇಳಿದರೆ ಬಾವಿಗೂ ಹಾರುವ ಜಾತಿ.

ಅವನ ಬಗ್ಗೆ ಶಿವಗಂಗಾಳಿಗೆ ಇದ್ದ ಭಯ ಒಂದೇ. ಪಕ್ಕದ ಮನೆ ದಾಯಾದಿ ಚಿಕ್ಕಹನುಮನದು. ಎರಡು ಮನೆಯ ಹೊಲಗಳ ನಡುವೆ ಒಂದು ಬದು. ಹಿಂದಿನ ವರ್ಷ ರಾಗಿ ಕುಯ್ಲಿನಲ್ಲಿ ಆ ಬದುವನ್ನು ಯಾರು ಸವರಿದರು ಅಂತ ಮಾತು ಬೆಳೆದು, ಚಿಕ್ಕಹನುಮ ಗುದ್ದಲಿ ಕಾವಿನಲ್ಲಿ ಹೊಡೆದು ಕಬ್ಬಾಳನ ಭುಜದ ಮೂಳೆ ಮುರಿದಿದ್ದ. ಕಬ್ಬಾಳ ಸುಮ್ಮನೆ ಬೀಳಲಿಲ್ಲ, ಅವನ ಕಿವಿಯ ತುದಿ ಕಚ್ಚಿ ಮಣ್ಣಿಗೆ ಉಗಿದ. ಊರವರು ಇಬ್ಬರನ್ನೂ ಕೂರಿಸಿ ರಾಜಿ ಮಾಡಿದರು. ಎದ್ದು ಹೋಗುವಾಗ ಚಿಕ್ಕಹನುಮ ಕಿವಿಗೆ ಬಟ್ಟೆ ಒತ್ತಿಕೊಂಡೇ, "ಇನ್ನೊಂದ್ಸಲ ನಮ್ ತಂಟೆಗೆ ಬಂದ್ರೆ ಈ ನನ್ಮಗನ್ನ ಕಡ್ದಾಕ್ಬುಡ್ತೀನಿ" ಅಂದಿದ್ದ. ಬಾಯಿಮಾತಿಗೆ ಅನ್ನುವ ಗಂಡಸಲ್ಲ ಅವನು. ಅಂದಿನಿಂದ ಶಿವಗಂಗ ತಮ್ಮನಿಗೆ ಆ ಬದುವಿನ ಕಡೆ ತಲೆ ಹಾಕಲು ಬಿಟ್ಟಿರಲಿಲ್ಲ.

ಪಾರ್ಟಿಯ ಹಿಂದಿನ ದಿನ ಕುಂಬಳಕಾಯಿ ಕೊರೆಯುವ ಕೆಲಸ ಶುರುವಾಯಿತು. ಸಂತೆಯಿಂದ ತಂದ ಸಿಹಿಗುಂಬಳ ಹಾಳಾಗಬಾರದು ಅಂತ, ಆಯುಧಪೂಜೆಗೆ ತಂದು ಉಳಿದಿದ್ದ ಒಂದು ಬೂದುಗುಂಬಳದ ಮೇಲೆ ಮೊದಲು ಕೈ ಪಳಗಿಸಿಕೊಳ್ಳೋಣ ಅಂದಳು ಶಿವಗಂಗ. ಅವಳ ಅತ್ತೆ ಅಂಕಮ್ಮ ಓಡಿ ಬಂದು ಚಾಕು ಕಿತ್ತುಕೊಂಡಳು.

"ಹೆಂಗಸ್ರು ಕುಂಬಳಕಾಯಿಗೆ ಮೊದಲನೇ ಏಟು ಹಾಕಂಗಿಲ್ಲ ಕಣೇ! ಗಂಡಸು ಹಾಕ್ಲಿ."

ಕಬ್ಬಾಳ ನಗುತ್ತಾ ಮಚ್ಚು ತಂದು ತಲೆಯ ಭಾಗ ಹಾರಿಸಿದ. ಇಂಚರ ಇದ್ದಿಲಿನಲ್ಲಿ ಕಣ್ಣು, ಮೂಗು, ಹಲ್ಲು ಬರೆದಳು. ಕೊರೆಯುವಾಗ ಬಾಯಿಯ ಭಾಗ ಮುರಿದು ಬಿತ್ತು. ಅದನ್ನು ಮೂಲೆಗೆ ತಳ್ಳಿ ಸಿಹಿಗುಂಬಳಗಳಿಗೆ ಕೈ ಹಾಕಿದರು. ಅವು ಚೆನ್ನಾಗಿಯೇ ಬಂದವು.

ಮೂಲೆಯ ಕಾಯಿ ಅಂಕಮ್ಮನ ನಿದ್ದೆ ಕೆಡಿಸಿತು. ಅಮಾವಾಸ್ಯೆ ಹತ್ತಿರ ಬಂದಿದೆ, ಕಣ್ಣು ಮೂಗು ಇರುವ ಬೂದುಗುಂಬಳ ಮನೆಯಲ್ಲಿ ಇರಬಾರದು. ಬರಿದೇ ಎಸೆದರೂ ಮನೆಗೆ ಕೇಡು. ಅವಳಿಗೆ ತಿಳಿದ ಶಾಸ್ತ್ರದ ಪ್ರಕಾರ ಒಳಗೆ ಕುಂಕುಮ ಸುರಿದು, ಒಂದು ನಿಂಬೆಹಣ್ಣು ಕುಯ್ದು ಹಾಕಿ, ಬೆಳಗಾಗುತ್ತಲೇ ತೆಗೆದುಕೊಂಡು ಹೋಗಿ ಮೂರು ಕಾಲುದಾರಿ ಕೂಡುವ ಕಡೆ ಇಟ್ಟು, ಹಿಂದಿರುಗಿ ನೋಡದೆ ಬಂದಳು. ಅವಳ ಲೆಕ್ಕದಲ್ಲಿ ಅದು ದಾರಿ, ಯಾರ ಹೊಲವೂ ಅಲ್ಲ. ಆದರೆ ಆ ಮೂರು ದಾರಿ ಕೂಡುವುದು ಆ ಬದುವಿನ ಮೇಲೆಯೇ. ಕೇಡು ಕಳೆಯಲು ಹೋದ ಮುದುಕಿ ಕೇಡನ್ನು ದಾಯಾದಿಯ ಕಾಲಿಗೇ ಇಟ್ಟು ಬಂದಿದ್ದಳು.

ಚಿಕ್ಕಹನುಮನ ಹೆಂಡತಿ ದೇವೀರಿ ಏಳು ತಿಂಗಳ ಬಸುರಿ. ಎಷ್ಟೋ ವರ್ಷಕ್ಕೆ, ಕಂಡಕಂಡ ದೇವರಿಗೆ ಹರಸಿಕೊಂಡ ಮೇಲೆ ನಿಂತ ಬಸುರು. ಬೆಳಿಗ್ಗೆ ಹಸುವಿಗೆ ಹುಲ್ಲು ತರಲು ಹೋದವಳಿಗೆ ತಲೆಯ ಮೇಲೆ ಹೊರೆ ಹೊತ್ತು ಬರುವಾಗ ಕಾಲಡಿ ಇದ್ದುದು ಕಾಣಲಿಲ್ಲ. ದಾಟಿದ ಮೇಲೆ ತಿರುಗಿ ನೋಡಿದಳು. ಕೆಂಪು ಸುರಿಯುವ ಒಂದು ಮುಖ ಅವಳನ್ನೇ ನೋಡುತ್ತಿತ್ತು. ಕಿಟ್ಟನೆ ಕಿರುಚಿ ಹೊರೆ ಸಮೇತ ಬದುವಿನಿಂದ ಕೆಳಕ್ಕೆ ಬಿದ್ದಳು. ಮನೆ ಸೇರುವಷ್ಟರಲ್ಲಿ ಸೀರೆಯೆಲ್ಲ ರಕ್ತ. ಚಿಕ್ಕಹನುಮ ತನ್ನ ಲಗೇಜ್ ಆಟೋದಲ್ಲಿ ಹಾಸಿಗೆ ಹಾಕಿ ಮಲಗಿಸಿಕೊಂಡು ಕನಕಪುರದ ಆಸ್ಪತ್ರೆಗೆ ಓಡಿಸಿದ.

ಮಾಟ ದಾಟಿದ್ದಾಳೆ ಅನ್ನುವ ಮಾತು ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಹಬ್ಬಿತು. ಶಿವಗಂಗ ಮೂಲೆ ನೋಡಿದಳು, ಕಾಯಿ ಇರಲಿಲ್ಲ. ಅತ್ತೆಯನ್ನು ಹಿಡಿದು ಕೇಳಿದಳು. ಅಂಕಮ್ಮ ಗೋಡೆಗೆ ಒರಗಿ ಒಪ್ಪಿಕೊಂಡಳು.

"ನಾನ್ ಒಳ್ಳೇದಕ್ಕೇ ಮಾಡ್ದೆ ಕಣವ್ವ. ನಮ್ ಮಗೀಗೆ ಏನೂ ಆಗ್ದಿರ್ಲಿ ಅಂತ."

"ನಿಮ್ ಒಳ್ಳೇದಕ್ಕೆ ನನ್ ತಮ್ಮ ಸಾಯ್ತಾನೆ!" ಅಂದಳು ಶಿವಗಂಗ. ಚಿಕ್ಕಹನುಮನಿಗೆ ಫೋನು ಮಾಡಿದಳು, ತೆಗೆಯಲಿಲ್ಲ. "ಕಬ್ಬಾಳ, ನೀನು ಈಗ್ಲೇ ಊರಿಗೆ ಹೊರಡು. ಸಂಜೆ ಬಸ್ ಐತೆ."

"ಹೋಗಕ್ಕ, ದೆವ್ವ ಇಲ್ದೆ ದೆವ್ವದ ಪಾರ್ಟಿ ಮಾಡ್ತೀಯಾ? ಓಡೋದ್ರೆ ನಾವೇ ಮಾಟ ಮಾಡ್ಸಿದ್ದು ಅಂತ ಆಯ್ತದೆ. ಮಕ್ಳ ಆಟ ಕಣ್ರಪ್ಪ ಅಂತ ಹೋಗಿ ಹೇಳು, ಮುಗೀತು."

ಹೇಳಬೇಕು ಅನ್ನುವುದು ಸರಿಯೇ. ಹೇಗೆ ಹೇಳಿದಳು ಅನ್ನುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಕಣ್ಣಿಗೆ ತೋರಿಸೋಣ ಅಂತ, ಚೆನ್ನಾಗಿ ಕೊರೆದಿದ್ದ ಒಂದು ಸಿಹಿಗುಂಬಳವನ್ನು ಸೆರಗಿನೊಳಗೆ ಇಟ್ಟುಕೊಂಡು ದಾಯಾದಿಯ ಬಾಗಿಲಿಗೆ ಹೋದಳು. ಚಿಕ್ಕಹನುಮನ ತಾಯಿ ಮಾರಮ್ಮ ಒಬ್ಬಳೇ ಇದ್ದಳು, ಜಗಲಿಯ ಮೇಲಿನ ರಕ್ತ ತೊಳೆಯುತ್ತಿದ್ದಳು.

"ಚಿಕ್ಕತ್ತೆ, ನೋಡಿ, ಇದು ಮಕ್ಳ ಆಟದ್ದು..." ಅನ್ನುತ್ತಾ ಸೆರಗು ಸರಿಸಿದಳು.

ಎರಡು ಕಣ್ಣು, ಒಂದು ಮೂಗು, ಸಾಲು ಹಲ್ಲು. ಮಾರಮ್ಮ ಹಾವು ಕಂಡ ಹಾಗೆ ಹಿಂದಕ್ಕೆ ಜಿಗಿದಳು. "ಬಾಗಿಲಿಗೇ ಇನ್ನೊಂದು ತಂದ್ಯೇನೇ ಹಾದರಗಿತ್ತಿ!" ಅಂತ ಚೀರಿ, ಕೈಯಲ್ಲಿದ್ದ ಪೊರಕೆಯಲ್ಲಿ ಮುಖಕ್ಕೆ ಬಾರಿಸಿದಳು. ಶಿವಗಂಗಾಳ ತುಟಿ ಸೀಳಿತು. ಕಾಯಿ ಕೈತಪ್ಪಿ ಹೊಸಲಿನ ಮೇಲೆ ಬಿದ್ದು ಒಡೆಯಿತು. ಮುದುಕಿ ಅವಳ ಜಡೆ ಹಿಡಿದು ಅಂಗಳದವರೆಗೂ ಎಳೆದು, ಬೆನ್ನಿಗೆ ಒದ್ದು, ಬಾಗಿಲು ಹಾಕಿಕೊಂಡು ಮಗನಿಗೆ ಫೋನು ಹಚ್ಚಿದಳು. ಒಳಗಿನ ಅಳು ಹೊರಗೆ ಸ್ಪಷ್ಟವಾಗಿ ಕೇಳುತ್ತಿತ್ತು. "ಇನ್ನೊಂದ ತಂದು ಹೊಸಲ್ ಮೇಲೇ ಒಡದ್ಬುಟ್ಲು ಕಣ್ಲಾ ಮಗಾ..."

ಶಿವಗಂಗ ತುಟಿ ಒರೆಸಿಕೊಂಡು ಮನೆಗೆ ಬರುವ ಹೊತ್ತಿಗೆ ಸ್ಕೂಲಿನ ವ್ಯಾನು ಬಂದು ನಿಂತಿತ್ತು. ಹತ್ತು ಹನ್ನೆರಡು ಮಕ್ಕಳು, ಎಲ್ಲರ ಮುಖಕ್ಕೂ ಮುಖವಾಡ, ಕೂಗಾಟವೋ ಕೂಗಾಟ. ಇಂಚರ ನಡುವೆ ನಿಂತು ಯಜಮಾನಿಕೆ ಮಾಡುತ್ತಿದ್ದಳು. ಆ ಮುಖ ನೋಡಿ ತಾಯಿಗೆ ಇವರನ್ನೆಲ್ಲ ವಾಪಸು ಕಳಿಸಲು ಬಾಯಿ ಬರಲಿಲ್ಲ. ಬೇರೆಯವರ ಮಕ್ಕಳು ಅಂಗಳದಲ್ಲಿರುವಾಗ ಚಿಕ್ಕಹನುಮ ಮೈಮೇಲೆ ಬರಲಾರ ಅನ್ನುವ ಆಸೆಯೂ ಒಳಗೆ ಇತ್ತು.

ಕತ್ತಲಾಯಿತು. ಕಾಂಪೌಂಡಿನ ಮೇಲೆ ಸಾಲಾಗಿ ಇಟ್ಟ ಕುಂಬಳಕಾಯಿಗಳಲ್ಲಿ ಮೇಣದಬತ್ತಿ ಹಚ್ಚಿ, ಅಂಗಳದ ಲೈಟು ಆರಿಸಿದರು. ಕಬ್ಬಾಳ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು, ಬಾಯಿಯ ಎರಡು ಕಡೆಯೂ ಕೆಂಪು ಇಳಿಸಿಕೊಂಡು, ಬಿಳಿ ಪಂಚೆ ಹೊದ್ದು ಹುಲ್ಲಿನ ಮೆದೆಯ ಹಿಂದಿನಿಂದ ಹೂಂಕರಿಸುತ್ತಾ ಬಂದ. ಮಕ್ಕಳು ಕಿರುಚಿಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. ಅವನು ಕೈ ಚಾಚಿ ಅಟ್ಟಿಸಿಕೊಂಡು ಗೇಟಿನವರೆಗೂ ಹೋದ.

ಗೇಟಿನಲ್ಲಿ ಚಿಕ್ಕಹನುಮ ನಿಂತಿದ್ದ. ಷರಟಿನ ಮುಂಭಾಗವೆಲ್ಲ ಹೆಂಡತಿಯ ರಕ್ತ, ಕೈಯಲ್ಲಿ ಮಚ್ಚು.

"ನನ್ ಮಗ ಹೊಟ್ಟೇಲೇ ಹೋದ ಕಣ್ಲಾ!" ಅಂದ. ಅಷ್ಟೇ ಅಂದಿದ್ದು. ಮಚ್ಚು ಕುತ್ತಿಗೆಗೂ ಭುಜಕ್ಕೂ ನಡುವೆ ಇಳಿಯಿತು. ಎಳೆದು ಇನ್ನೊಂದು ಹಾಕಿದ, ಅದು ತಡೆಯಲು ಎತ್ತಿದ ಮುಂಗೈಗೆ ಬಿತ್ತು. ಬಿಳಿ ಪಂಚೆ ಒಂದೇ ಉಸಿರಿಗೆ ಕೆಂಪಾಯಿತು. ಕಬ್ಬಾಳ ಮೊಣಕಾಲೂರಿ ಕೂತ.

ಮಕ್ಕಳು ಚಪ್ಪಾಳೆ ತಟ್ಟಿದರು. ಮಚ್ಚು ಹಿಡಿದ ಇನ್ನೊಂದು ದೆವ್ವ ಬಂದಿದೆ, ಇದು ಸ್ಕೂಲಿನ ದೆವ್ವಕ್ಕಿಂತ ನೂರು ಪಾಲು ಚೆನ್ನಾಗಿದೆ ಅಂತ ಕುಣಿದರು. ಶಿವಗಂಗ ಒಲೆಯ ಪಕ್ಕದ ಸೌದೆ ಹಿಡಿದು ಓಡಿ ಬಂದು ಚಿಕ್ಕಹನುಮನ ತಲೆಗೆ, ಬೆನ್ನಿಗೆ ಬಡಿದಳು. ಸೌದೆ ಮುರಿಯಿತು, ಅವನ ಹಣೆಯಿಂದ ರಕ್ತ ಇಳಿಯಿತು. ಅವನು ಅವಳ ಕಡೆ ತಿರುಗಲೂ ಇಲ್ಲ. ಮೂರನೇ ಏಟಿಗೆ ಮಚ್ಚು ಎತ್ತಿದವನು ಕಾಂಪೌಂಡಿನ ಮೇಲೆ ಉರಿಯುತ್ತಿದ್ದ ಸಾಲು ಮುಖಗಳನ್ನು ನೋಡಿ ಹಾಗೇ ನಿಂತ.

"ಇವು... ಯಾರ್ ಮಾಡಿದ್ದು?"

"ನಾನೇ ಚಿಕ್ಕಪ್ಪ," ಅಂದಳು ಇಂಚರ, ಓಡಿ ಬಂದು. ಅವಳಿಗೆ ಖುಷಿಯಲ್ಲಿ ಉಸಿರು ಸಾಲುತ್ತಿರಲಿಲ್ಲ. "ನನ್ ಬರ್ತ್‌ಡೇಗೆ. ಫಸ್ಟ್ ಮಾಡಿದ್ದು ಬಾಯಿ ಮುರ್ದೋಯ್ತು, ಅಜ್ಜಿ ಎಸ್ದುಬುಟ್ಲು. ಇವು ಚೆನ್ನಾಗವೆ ಅಲ್ವಾ?"

ಚಿಕ್ಕಹನುಮನ ಕೈ ಇಳಿಯಿತು. ಮಗುವನ್ನು ನೋಡಿದ, ಕುಂಬಳಕಾಯಿ ನೋಡಿದ, ಕೆಳಗೆ ಕೂತವನನ್ನು ನೋಡಿದ. ಮಚ್ಚನ್ನು ಚರಂಡಿಗೆ ಎಸೆದು, ಕಬ್ಬಾಳನ ಹಿಂದೆ ಕುಸಿದು ಕೂತು, ಕಡಿದ ಜಾಗಕ್ಕೆ ಪಂಚೆಯ ಮುದ್ದೆ ಒತ್ತಿ ಹಿಡಿದ. ಬೆರಳ ಸಂದಿಯಿಂದ ಬಿಸಿ ರಕ್ತ ಹರಿಯುತ್ತಲೇ ಇತ್ತು.

ಶಿವಗಂಗ ಲೈಟಿನ ಸ್ವಿಚ್ಚಿನ ಕಡೆ ಓಡಿದಳು.

"ಲೈಟ್ ಹಾಕ್ಬೇಡ ಅಕ್ಕ," ಅಂದ ಕಬ್ಬಾಳ. ಹಲ್ಲು ಕಚ್ಚಿ ನಗುತ್ತಿದ್ದ. "ಮಕ್ಳು ನೋಡ್ಬುಡ್ತವೆ. ಬೇರೇರ್ ಮಕ್ಳು. ಒಳಕ್ ಕರ್ಕೊಂಡೋಗಿ ಕೇಕ್ ಕಟ್ ಮಾಡ್ಸು. ನೀನ್ ಬರ್ಬೇಡ." ಆಮೇಲೆ ಮಕ್ಕಳ ಕಡೆ ಮುಖ ತಿರುಗಿಸಿ, ಇದ್ದ ಉಸಿರೆಲ್ಲ ಸೇರಿಸಿ ಹೂಂಕರಿಸಿದ. "ದೆವ್ವ ಊರಿಗೆ ಹೊಂಟದೆ! ಒಸಿ ಜೋರಾಗಿ ತಟ್ರಲಾ ಚಪ್ಪಾಳೆಯಾ!"

ಮಕ್ಕಳು ಕೈ ನೋಯುವ ಹಾಗೆ ತಟ್ಟಿದರು. ಆ ಸದ್ದಿನಲ್ಲೇ ಚಿಕ್ಕಹನುಮ ಅವನನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಲಗೇಜ್ ಆಟೋದಲ್ಲಿ ಮಲಗಿಸಿದ. ದೇವೀರಿಗೆ ಹಾಸಿದ್ದ ಹಾಸಿಗೆ ಇನ್ನೂ ಹಸಿಯಾಗಿತ್ತು. ಅಂಕಮ್ಮ ಬಾಯಿಗೆ ಸೆರಗು ತುರುಕಿಕೊಂಡು ಹತ್ತಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಯಕ್ಕೆ ಎರಡೂ ಕೈ ಒತ್ತಿದಳು. ಆಟೋ ಹಾರೋಹಳ್ಳಿಯ ದಾರಿ ಹಿಡಿಯಿತು.

ಶಿವಗಂಗ ತಮ್ಮನ ಮಾತು ನಡೆಸಿದಳು. ಹೇಗೆ ನಡೆಸಿದಳೋ ನಾನರಿಯೆ, ನನ್ನ ಕೈಯಲ್ಲಂತೂ ಆಗುತ್ತಿರಲಿಲ್ಲ. ರಕ್ತದ ಕೈ ತೊಳೆದುಕೊಂಡು, ಮಕ್ಕಳನ್ನು ಒಳಗೆ ಸೇರಿಸಿ, ಅಂಗಳದ ಕಡೆಯ ಬಾಗಿಲು ಹಾಕಿ, ಮೇಣದಬತ್ತಿ ಹಚ್ಚಿ, ಮಗಳ ಕೈ ಹಿಡಿದು ಕೇಕು ಕುಯ್ಯಿಸಿದಳು. ಹಾಡನ್ನೂ ಹೇಳಿದಳು. ಸೀಳಿದ ತುಟಿಯಿಂದ ಹನಿ ಇಳಿದಾಗ ಒಬ್ಬ ಹುಡುಗ, "ಆಂಟಿ, ನಿಮ್ದೂ ಸೂಪರ್ ಮೇಕಪ್" ಅಂದ. ಮಗಳನ್ನು ಅಷ್ಟು ಸಂತೋಷದಲ್ಲಿ ಅವಳು ಹಿಂದೆಂದೂ ಕಂಡಿರಲಿಲ್ಲ. ಆ ನಗು ಕಂಡಷ್ಟೂ ಅವಳಿಗೆ ಮಗಳ ಮೇಲೆ, ಅತ್ತೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಸಿಟ್ಟು ಉಕ್ಕುತ್ತಿತ್ತು.

ತಟ್ಟೆಗಳಿಗೆ ಕೇಕು ಹಾಕುತ್ತಿದ್ದಾಗ ಫೋನು ಬಂತು. ಚಿಕ್ಕಹನುಮ. ಅವನ ಹಿಂದೆ ಅಂಕಮ್ಮನ ಗೋಳು ಕೇಳುತ್ತಿತ್ತು.

"ಅತ್ತಿಗೆ... ಹಾರೋಹಳ್ಳಿ ದಾಟ್ತಿದ್ದಂಗೆ ಹೋಗ್ಬುಟ್ಟ ಅತ್ತಿಗೆ. ನಾನ್ ಸಾಯ್ಸಿಬುಟ್ಟೆ. ಸ್ಟೇಷನ್‌ಗೆ ಹೋಗ್ಲಾ, ಆಸ್ಪತ್ರೆಗೆ ಹೋಗ್ಲಾ, ಏನ್ ಮಾಡ್ಲಿ ಹೇಳತ್ತಿಗೆ..."

ಶಿವಗಂಗ ಕೇಕಿನ ಚಾಕು ಕೆಳಗಿಟ್ಟಳು. ಬೈಯಲು ಸಾವಿರ ಮಾತು ಇದ್ದವು. ಮಕ್ಕಳು ಸುತ್ತ ನಿಂತಿದ್ದರು.

"ಆಮೇಲ್ ಎಲ್ಗಾರ ಹೋಗು," ಅಂದಳು. "ಮೊದ್ಲು ಆಟೋ ನಿಲ್ಸಿ, ಒಸಿ ನೀರ್ ತಕ್ಕೊಂಡು ಅವನ್ ಮೊಕದ್ ಬಣ್ಣ ತೊಳಿ. ಉಯ್ಯಂಬಳ್ಳಿಯಿಂದ ನಮ್ಮವ್ವ ನೋಡಕ್ ಬತ್ತಾಳೆ. ಅವಳ್ಗೆ ಮಗನ್ ಮೊಕ ಕಾಣ್ಬೇಕು."

ಫೋನು ಇಟ್ಟು, ತಟ್ಟೆ ಚಾಚಿ ಕಾಯುತ್ತಿದ್ದ ಮಗುವಿಗೆ ಇನ್ನೊಂದು ತುಂಡು ಕೇಕು ಹಾಕಿದಳು.