ಲಿಫ್ಟಿನಲ್ಲಿ ಹಿಡಿದ ಉಸಿರು

ಪರದೇಶದಲ್ಲಿ ಕನ್ನಡವೆಂದರೆ ಬೀಗ ಹಾಕಿದ ಬೀರು ಎಂದು ನೀರಜಾ ನಂಬಿದ್ದಳು. ಜಪಾನಿನ ನಗೋಯಾದ ರೈಲಿನಲ್ಲಿ ಎದುರಿಗೆ ಕೂತವರ ಟೋಪಿ, ಮೂಗು, ನಡಿಗೆ ಎಲ್ಲದಕ್ಕೂ ಧಾರಾಳವಾಗಿ ಹೆಸರಿಡುತ್ತಿದ್ದಳು. ಯಾರಿಗೆ ತಿಳಿಯಬೇಕು? ಕೊರೋನಾ ಸುದ್ದಿ ಹಬ್ಬಿದ ಮೊದಲ ದಿನಗಳಲ್ಲಿ, ತಮ್ಮ ಕಟ್ಟಡದ ನಾಲ್ಕನೇ ಮಹಡಿಯ ಲಿನ್-ಸಾನ್ ಲಿಫ್ಟಿಗೆ ಬಂದರೆ ಸಾಕು, ಐದು ವರ್ಷದ ಮಗಳ ಕೈ ಜಗ್ಗುತ್ತಿದ್ದಳು.

"ಹಂಸಾ, ಚೈನಾದವ್ರು. ಉಸಿರು ಬಿಗಿಹಿಡ್ಕೋ."

ಹಂಸಾ ಕೆನ್ನೆ ಉಬ್ಬಿಸಿ ನಿಲ್ಲುತ್ತಿದ್ದಳು. ಲಿನ್-ಸಾನ್ ಮೂಲೆಗೆ ಸರಿದು ತಲೆ ತಗ್ಗಿಸುತ್ತಿದ್ದರು. ಅವರು ತಮ್ಮ ದೇಶಕ್ಕೆ ಹೋಗಿಯೇ ಮೂರು ವರ್ಷವಾಗಿತ್ತೆಂದು ನೀರಜಾಗೆ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಿದ್ದಳು.

ಮರುವರ್ಷದ ಶರತ್ಕಾಲದ ಒಂದು ಭಾನುವಾರ, ಮಗಳ ಹಠಕ್ಕೆ ಊರಾಚೆಯ ಚೀನೀ ಪುರಾಣದ ಶಿಲ್ಪವನಕ್ಕೆ ಹೋದರು. ಇಂಗ್ಲಿಷಿನಲ್ಲಿ ವಿವರಿಸುವವರು ಬೇಕೇ ಎಂದು ಗೇಟಿನಲ್ಲಿ ಕೇಳಿದರು. ಬಿಟ್ಟಿ ಎಂದ ಮೇಲೆ ಬೇಡವೆನ್ನುವುದುಂಟೇ? ಬಂದವರು ಲಿನ್-ಸಾನ್. ಮಾಸ್ಕಿನ ಮೇಲೆ ಅವರ ಕಣ್ಣು ನಕ್ಕಿತು. ನೀರಜಾ, ಮಗಳು ಬಾಯಿ ಬಿಡದಿದ್ದರೆ ಸಾಕಪ್ಪಾ ಎಂದು ಮನೆದೇವರನ್ನು ನೆನೆದಳು.

ಗದೆಯಂಥ ಕೋಲು ಹಿಡಿದ ಕೋತಿಯನ್ನು ಕಂಡು ಹಂಸಾ "ಹನುಮಾನ್" ಎಂದಳು. ಈ ಕೋತಿ ಹೊರಟಿದ್ದೇ ನಿಮ್ಮ ದೇಶಕ್ಕೆ, ಬುದ್ಧನ ಪುಸ್ತಕ ತರಲು ಎಂದರು ಲಿನ್-ಸಾನ್. ಮುಂದೆ ನರಕದ ರಾಜರ ಸಾಲು. ನಡುವೆ ಕೂತವನು ನಮ್ಮ ಯಮಧರ್ಮರಾಯನೇ, ಕೋಣ ಮಾತ್ರ ಇರಲಿಲ್ಲ.

"ಇವರು ನಿಮ್ಮೂರಿಂದ ನಮ್ಮೂರಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದವರು. ಯಾರೂ ತಡೆಯಲಿಲ್ಲ," ಎಂದು ನಕ್ಕರು.

ಯಮನ ಕಾಲ ಬಳಿ ಒಬ್ಬ ದೂತ ಇಕ್ಕಳ ಹಾಕಿ, ಕೆಟ್ಟ ಮಾತಾಡಿದ ಪಾಪಿಯ ನಾಲಿಗೆ ಎಳೆಯುತ್ತಿದ್ದ. ಲಿನ್-ಸಾನ್ ಮಗುವಿನ ಪಕ್ಕಕ್ಕೆ ಬಂದು ಬಾಗಿದರು. ಹಂಸಾಳ ಕೆನ್ನೆ ತಾನಾಗಿ ಉಬ್ಬಿತು.

ಇದೇನು ಆಟ ಎಂದು ಅವರು ಜಪಾನಿಯಲ್ಲಿ ಕೇಳಿದರು. ಹಂಸಾ ಉಸಿರು ಬಿಟ್ಟು ಜಪಾನಿಯಲ್ಲೇ ಉದ್ದಕ್ಕೆ ವಿವರಿಸಿದಳು. ನೀರಜಾಳ ಜಪಾನಿ ಮೂಲೆಯಂಗಡಿ ಕೊಂಬಿನಿಯಲ್ಲಿ ಹಾಲು ಕೊಳ್ಳುವಷ್ಟು. ಆದರೂ "ಮಾಮಾ" ತಿಳಿಯಿತು, "ಚೈನಾ" ತಿಳಿಯಿತು, ಮಗಳು ಬೆರಳು ತೋರಿಸಿದ ನಾಲಿಗೆಯೂ ತಿಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

"ಸುಮಿಮಾಸೆನ್," ಎಂದಳು. ಕ್ಷಮಿಸಿ ಎಂದು ರೈಲಿನಲ್ಲಿ ದಾರಿ ಬಿಡಿಸಿಕೊಳ್ಳಲು ದಿನಾ ಆಡುವ ಮಾತು ಅದು. ಅದಕ್ಕಿಂತ ದೊಡ್ಡದು ಅವಳಲ್ಲಿ ಇರಲಿಲ್ಲ.

ಲಿನ್-ಸಾನ್ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: "ನನಗೆ ಗೊತ್ತಿತ್ತು. ಚೈನಾ ಅನ್ನೋದು ಎಲ್ಲಾ ಭಾಷೇಲೂ ಕೇಳಿಸುತ್ತೆ. ಅದಕ್ಕೇ ನಾಲ್ಕನೇ ಮಹಡಿ ಬರೋವರೆಗೆ ನಾನೂ ಉಸಿರು ಹಿಡೀತಿದ್ದೆ. ಮಗು ಹೆದರಬಾರದಲ್ಲ."

ಆಮೇಲೆ, ಮುಂದೆ ಡ್ರ್ಯಾಗನ್ ಇದೆ ಬಾ ಎಂದು ಹಂಸಾಳತ್ತ ಕೈ ಚಾಚಿದರು. ಹಂಸಾ ಆ ಕೈ ನೋಡಿದಳು. ಹಿಡಿಯಬಹುದೇ ಎಂದು ಅಮ್ಮನ ಮುಖ ನೋಡಿದಳು. ಹಾಗೆ ಕೇಳುವುದನ್ನು ಕಲಿಸಿದವಳು ತಾನೇ ಎಂದು ನೀರಜಾಗೆ ತಲೆ ಎತ್ತಲಾಗಲಿಲ್ಲ.