ಲಾಲಪ್ಪನ ಮಬ್ಬು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದರಲ್ಲೂ ನಿದ್ದೆಯಿಂದ ಎಬ್ಬಿಸಿದವರ ಮೇಲೆ. ಆ ದಿನ ಇನ್ನೂ ಕೋಳಿ ಕೂಗಿರಲಿಲ್ಲ, ಯಾರೋ ಬಾಗಿಲು ಬಡಿದರು. ತೆಗೆದರೆ ಲಾಲಪ್ಪ. ಅವನ ಹಿಂದೆ, ಬೇವಿನ ಮರದ ಕೆಳಗೆ ಬೆಳ್ಳಗೆ ನಿಂತಿದ್ದಳು ಅವನ ಕುದುರೆ ಅರಳಿ. ಆದೋನಿಯಂಥ ಹತ್ತಿ ಊರಿನಲ್ಲಿ ಬಿಳಿ ಕುದುರೆಗೆ ಅರಳೆಯ ಹೆಸರಲ್ಲದೆ ಇನ್ನೇನು ಇಡುತ್ತಾರೆ.

"ಇಷ್ಟೊತ್ತಿಗೆ ಯಾಕ ಬಂದಿ ಲಾಲಪ್ಪಣ್ಣ?"

"ನೀವ ಅಂದಿದ್ರಲ್ಲಮ್ಮ, ಮಬ್ಬಿನ್ಯಾಗ ಬಾ ಅಂತ."

ತಪ್ಪು ನನ್ನದೇ. ನಾನು ಇದೇ ಊರಿನವಳು, ಆದರೆ ಕ್ಯಾಮೆರಾ ಕೆಲಸ ಕಲಿತದ್ದು ವಿಜಯವಾಡದಲ್ಲಿ, ತೆಲುಗಿನಲ್ಲಿ. ಅಲ್ಲಿ ಮಬ್ಬು ಎಂದರೆ ಮೋಡ. ನಮ್ಮ ಕಡೆ, ಕನ್ನಡದವರಿರಲಿ ತೆಲುಗಿನವರಿರಲಿ, ಮಬ್ಬು ಎಂದರೆ ಬೆಳಕು ಹರಿಯುವ ಮುಂಚಿನ ಕತ್ತಲು. ನಮ್ಮ ಬಿಸಿಲಿಗೆ ಬಿಳಿ ಕುದುರೆಯನ್ನು ನಿಲ್ಲಿಸಿದರೆ ಕಣ್ಣು ಮೂಗು ಒಂದೂ ಕಾಣದೆ ಫೋಟೋದಲ್ಲಿ ಒಣಹಾಕಿದ ಪಂಚೆಯಂತೆ ಬರುತ್ತದೆ. ಮೋಡ ಕವಿದ ದಿನ ಬಾ ಎಂದು ನೆಟ್ಟಗೆ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಅರಳಿ ಇಪ್ಪತ್ತು ವರ್ಷ ಈ ಊರಿನ ಮದುಮಕ್ಕಳನ್ನು ಹೊತ್ತವಳು. ನಾನೇ ತೆಗೆದ ಮೆರವಣಿಗೆ ಫೋಟೋಗಳು ನೂರಾರಿವೆ. ಎಲ್ಲದರಲ್ಲೂ ವರನ ಮುಖ ಸರಿಯಾಗಿ ಬಂದಿದೆ. ಅರಳಿಯದು ಒಂದರಲ್ಲಿ ಬರೀ ಕಿವಿ, ಇನ್ನೊಂದರಲ್ಲಿ ಜರಿ ಬಟ್ಟೆಯ ಕೆಳಗೆ ಎರಡು ಕಾಲು. ಹಾಗೆ ಕತ್ತರಿಸಿದವಳೂ ನಾನೇ. ಬೀಗರು ಯಾರೂ ಕುದುರೆಯ ಮುಖ ಕೇಳುವುದಿಲ್ಲ. ಅದರ ಹಿಂದಿನ ತಿಂಗಳು ಅವಳ ಹಿಂಗಾಲು ಸೋತವು. ಇನ್ನು ಮಲಗಿದರೆ ಏಳುವುದು ಕಷ್ಟ ಎಂದು ದನದ ಡಾಕ್ಟರು ಹೇಳಿದ ಮಾರನೆಯ ದಿನವೇ ಲಾಲಪ್ಪ ನನ್ನ ಸ್ಟುಡಿಯೋಕ್ಕೆ ಬಂದಿದ್ದ.

"ಆಕಿದೊಂದು ಫೋಟೋ ಬೇಕಮ್ಮ. ಮ್ಯಾಲೆ ಯಾರೂ ಇರಬಾರದು, ಬಾಜೂಕ ಯಾರೂ ಇರಬಾರದು. ಆಕಿ ಒಬ್ಬಾಕಿನ ನಿಂತಿರಬೇಕು" ಎಂದಿದ್ದ. ಮಬ್ಬಿನ್ಯಾಗ ಬಾ ಎಂದು ನಾನು ಹೇಳಿದ್ದು ಆಗಲೇ.

"ಬೆಳಕಾಗೂತನ ಕುಂದ್ರು" ಎಂದೆ ಈಗ.

"ನಾ ಕುಂದ್ರತೀನಮ್ಮ, ಆಕಿ ನಿಂದ್ರೂದಿಲ್ಲ. ಇಲ್ಲೀತನ ಬರೂದರಾಗ ನಾಕು ಸಲ ಮೊಣಕಾಲು ಬಗ್ಗಿಸ್ಯಾಳ."

ಹತ್ತಿರ ಹೋಗಿ ನೋಡಿದೆ. ಹಿಂಗಾಲು ಗಡಗಡ ನಡುಗುತ್ತಿದ್ದವು. ನನ್ನ ಸಿಟ್ಟು ಇಳಿದು ಹೆದರಿಕೆ ಹತ್ತಿತು. ಫ್ಲ್ಯಾಷ್ ಹೊಡೆದರೆ ಬೆಚ್ಚುತ್ತಾಳೆ, ಬೆಚ್ಚಿದರೆ ಬೀಳುತ್ತಾಳೆ. ಇದ್ದ ಬೆಳಕಿನಲ್ಲೇ ತೆಗೆಯಬೇಕಿತ್ತು. ಅಷ್ಟು ಕಡಿಮೆ ಬೆಳಕಿಗೆ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕು, ಅಷ್ಟರಲ್ಲಿ ಅಲುಗಿದ್ದೆಲ್ಲ ಕಲಸಿಹೋಗುತ್ತದೆ.

ಸ್ಟ್ಯಾಂಡ್ ತಂದು ಕ್ಯಾಮೆರಾ ನಿಲ್ಲಿಸಿದೆ. ಮೂಡಲ ಕಡೆ, ಬೆಟ್ಟದ ಮೇಲೆ, ಆಕಾಶ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಓಣಿಯಲ್ಲಿ ಗೋಡೆಗಳಿಲ್ಲ, ಬಾಗಿಲುಗಳಿಲ್ಲ, ನೆಲವೂ ಇದ್ದಂತಿಲ್ಲ. ಇದ್ದದ್ದು ಅರಳಿಯೊಬ್ಬಳೇ. ಬೆಳಕು ಮೇಲಿನಿಂದ ಬರುತ್ತಿದೆಯೋ ಅವಳ ಮೈಯಿಂದಲೇ ಹೊರಡುತ್ತಿದೆಯೋ ತಿಳಿಯುತ್ತಿರಲಿಲ್ಲ. ಬೇವಿನ ಹೂವು ಒಂದೊಂದೇ ಅವಳ ಬೆನ್ನ ಮೇಲೆ ಉದುರುತ್ತಿತ್ತು. ಅವಳಿಗೆ ಅದರ ಭಾರವೂ ಬೇಡವಾಗಿತ್ತೋ ಏನೋ, ಚರ್ಮ ಮೆಲ್ಲಗೆ ಅದುರಿಸುತ್ತಿದ್ದಳು. ನಾನು ಇನ್ನೂ ನಿದ್ದೆಯಲ್ಲೇ ಇದ್ದೇನೆ ಅನ್ನಿಸಿತು.

ಲಾಲಪ್ಪ ದೂರ ಸರಿದ. ಅರಳಿ ಅವನ ಹಿಂದೆಯೇ ಹೆಜ್ಜೆ ಇಟ್ಟಳು, ಮುಗ್ಗರಿಸಿದಳು.

"ನೀ ಬಿಟ್ಟು ಹೋಗಬ್ಯಾಡ, ಹಣಿ ಮ್ಯಾಲೆ ಕೈ ಇಟ್ಟು ನಿಂದ್ರು."

"ಹಂಗಾದ್ರ ಫೋಟೋದಾಗ ನಾನೂ ಬರ್ತೀನಲ್ಲಮ್ಮ."

"ಬಂದ್ರ ಬರ್ಲಿ. ಎಂಟು ಎಣಿಸ್ತೀನಿ, ಇಬ್ಬರೂ ಅಲುಗಬ್ಯಾಡ್ರಿ."

ಅವನು ಅವಳ ಕಿವಿಯ ಬಳಿ ಬಾಗಿದ. ಪ್ರತಿ ಮದುವೆಯಲ್ಲೂ ವರ ಹತ್ತುವ ಮೊದಲು ಹೇಳುತ್ತಿದ್ದ ಮಾತನ್ನೇ ಹೇಳಿದ. "ನೆಟ್ಟಗ ನಿಂದ್ರವ್ವ. ಅಳಿಯ ಏರ್ತಾನ."

ಅರಳಿ ಕತ್ತೆತ್ತಿದಳು. ಕಾಲಿನ ನಡುಕ ನಿಂತಿತು. ಅಳಿಯನೂ ಇಲ್ಲ, ಬಾಜಾ ಭಜಂತ್ರಿಯೂ ಇಲ್ಲ. ಆದರೂ ಬೆನ್ನು ಸಮ ಮಾಡಿ ಕಾದಳು. ನಾನು ಒಂದು, ಎರಡು ಎಂದು ಎಣಿಸಿದೆ. ಎಂಟಕ್ಕೆ ಗುಂಡಿಯಿಂದ ಬೆರಳು ತೆಗೆದೆ.

ಆಮೇಲೆ ಅವಳು ಮೊಣಕಾಲೂರಿ, ಉದುರಿದ ಹೂವಿನ ಮೇಲೆ ನಿಧಾನವಾಗಿ ಮಲಗಿದಳು. ಮತ್ತೆ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲಾಲಪ್ಪನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಳು. ಓಣಿಯವರೆದುರು ನಾನು ನಾಚಿಕೆ ಬಿಟ್ಟು ಅತ್ತೆ.

ವಾರದ ಮೇಲೆ ಅವನು ಸ್ಟುಡಿಯೋಕ್ಕೆ ಬಂದ. ಫೋಟೋ ಕೊಡಲು ನನಗೆ ಸಂಕೋಚ. ಅರಳಿ ಇಡಿಯಾಗಿ ಬಂದಿದ್ದಳು. ಕಿವಿ, ಕಣ್ಣು, ಹಣೆಯ ಮೇಲಿನ ಕೂದಲು, ಎಲ್ಲ. ಆದರೆ ಅವಳ ಪಕ್ಕದಲ್ಲಿ ಮನುಷ್ಯನಿರಲಿಲ್ಲ, ಹೊಗೆಯಂಥದ್ದೊಂದು ಕಲೆ ಇತ್ತು. ಎಂಟು ಎಣಿಸುವಷ್ಟು ಹೊತ್ತು ಕುದುರೆ ಕದಲಲಿಲ್ಲ. ಲಾಲಪ್ಪ ಬಿಕ್ಕಿದ್ದ.

"ನೀ ಕೇಳಿದ್ದು ಆಕಿ ಒಬ್ಬಾಕಿದ ಅಲ್ಲೇನು? ಇದನ್ನ ಕಂಪ್ಯೂಟರಿನ್ಯಾಗ ಅಳಿಸಿ ಕೊಡ್ತೀನಿ, ಹತ್ತು ನಿಮಿಷದ ಕೆಲಸ" ಎಂದೆ.

ಅವನು ಆ ಕಲೆಯನ್ನು ಬಹಳ ಹೊತ್ತು ನೋಡಿದ.

"ಅಳಿಸಬ್ಯಾಡ್ರಮ್ಮ" ಎಂದ. "ನಾ ಅವತ್ತು ಹಿಂಗ ಇದ್ದೆ."