ಕೈ ಸಡ್ಲ ಬಿಡು, ತಂಗಿ

ಲೇಸರ್ ಯಂತ್ರದ ಮೇಲೆ ಗದ್ದ ಇಟ್ಟು ಕೂತಿದ್ದ ಲಾಲಬೀ, ಹಸಿರು ಬೆಳಕು ಫಳ್ ಎಂದದ್ದೇ ತಡ, ತಲೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ತಲಿ ಅಲ್ಲಾಡಿದ್ರ ಬೆಳಕು ಬ್ಯಾರೆ ಕಡೆ ಬೀಳ್ತೈತಮ್ಮ," ಅಂದರು ಡಾಕ್ಟರು. "ಸ್ವಲ್ಪ ಹೊರಗ ಕುಂದರ್ರಿ. ಆಗಲಿಲ್ಲಂದ್ರ ಇನ್ನೊಂದು ದಿನ ಮನಿಯವರನ್ನ ಕರ್ಕೊಂಡು ಬರ್ರಿ."

ಯಾವ ಮನೆಯವರನ್ನು? ಗಂಡ ಇಮಾಮಹುಸೇನ್ ಅದಿರಿನ ಲಾರಿ ಓಡಿಸಲು ಹೋದ ಮೇಲೆ ಮನೆಗೆ ಬರುವುದೇ ಅಪರೂಪ. ಬಂದರಿನ ಹೊರಗೆ ಲಾರಿಗಳ ಸಾಲಿನಲ್ಲಿ ದಿನಗಟ್ಟಲೆ ನಿಂತಿರುತ್ತಿದ್ದ. ಮಗಳು ಶಮಾ ಕೈಗೂಸಿನೊಂದಿಗೆ ಗಂಡನ ಊರಿನಲ್ಲಿದ್ದಳು. ಲಾಲಬೀ ಕರೂರಿನಿಂದ ಬೆಳಗಿನ ಬಸ್ಸು ಹಿಡಿದು, ಸಿರುಗುಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಬಳ್ಳಾರಿಯ ಈ ಕಣ್ಣಾಸ್ಪತ್ರೆಗೆ ಒಬ್ಬಳೇ ಬಂದಿದ್ದಳು. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಯನ್ನು ಕೆಡಿಸಿತ್ತು. ಹೋದ ದೃಷ್ಟಿ ಮರಳುವುದಿಲ್ಲ, ಇದ್ದದ್ದು ಉಳಿಯಬೇಕಾದರೆ ಲೇಸರ್ ಆಗಲೇಬೇಕು ಎಂದಿದ್ದರು. ಅದೂ ಹೋದರೆ ಬಳೆಯ ಗಂಟು ಹೊತ್ತು ಊರೂರು ತಿರುಗುವುದು ಹೇಗೆ? ಆ ಊರುಗಳಿಲ್ಲದೆ ಅವಳಿಗೆ ಮಾತಿಗೆ ಯಾರಿದ್ದರು?

ನರ್ಸ್ ವಿರೂಪಮ್ಮ ಬೆಂಚಿನ ಮೇಲೆ ಪಕ್ಕದಲ್ಲೇ ಕೂತಳು. ಕಣ್ಣಿಗೆ ಹನಿ ಹಾಕಿದ್ದರಿಂದ ಲಾಲಬೀಗೆ ಅವಳ ಮುಖ ಮಂಜುಮಂಜು.

"ಏನು ಹೆದರಿಕಿ, ಹೇಳ್ರಿ ಅಕ್ಕಾ."

"ಒಳಗ ಸುಡ್ತಾರಂತಲ್ಲವ್ವ. ನಡುವ ರೆಪ್ಪಿ ಬಡದ್ರ?"

"ಬಡಿಯಾಕ ಬರಂಗಿಲ್ಲ. ಡಾಕ್ಟರು ಕಣ್ಣಿನ ಮ್ಯಾಲೆ ಗಾಜಿಟ್ಟು ಹಿಡಿದಿರ್ತಾರ. ಅದು ನೋಯಂಗಿಲ್ಲ, ಹನಿ ಹಾಕೀವಿ. ಬೆಳಕು ಒಮ್ಮೊಮ್ಮೆ ಸೂಜಿ ಚುಚ್ಚಿದಂಗ ಆಗಬಹುದು, ನಾ ಸುಳ್ಳು ಹೇಳಂಗಿಲ್ಲ. ಹಂಗಾದ್ರ ಬಾಯಿಬಿಟ್ಟು ಹೇಳ್ರಿ, ನಿಲ್ಲಸ್ತಾರ."

ಲಾಲಬೀ ಸೆರಗಿನ ತುದಿಯನ್ನು ತಿರುವುತ್ತಲೇ ಇದ್ದಳು.

"ಬಳಿ ಮಾರ್ತೀನಿ ಅಂತ ಹನಿ ಹಾಕುವಾಗ ಹೇಳಿದ್ರಲ್ಲ. ನಮ್ಮೂರು ಕುರುಗೋಡು," ಅಂದಳು ವಿರೂಪಮ್ಮ. "ಬಳಿಗಾರ್ತಿ ಬಂದ್ರ ನಾ ಮಂಚದ ಕೆಳಗ ಹೊಕ್ಕೊಳ್ತಿದ್ದೆ. ಅಂಥ ಹುಡುಗ್ಯಾರಿಗೆ ನೀವು ಏನು ಮಾಡ್ತೀರಿ?"

"ಮಾಡೋದೇನು? ಬಿಗಿ ಹಿಡಿದ ಕೈಗೆ ಬಳಿ ಏರಂಗಿಲ್ಲ, ಒಡೀತೈತಿ. 'ಕೈ ಸಡ್ಲ ಬಿಡು ತಂಗಿ, ಇದು ನಿನ್ನ ಕೈ ಅಲ್ಲ, ನನ್ನ ಕೈ' ಅಂತೀನಿ. ಆಮ್ಯಾಲೆ ಅವರ ಮನಿ ಸುದ್ದಿ ಕೇಳ್ತೀನಿ. ಹೇಳೂದರಾಗ ಬಳಿ ಏರಿರತೈತಿ."

"ಹಂಗಾದ್ರ ಇವತ್ತು ನಿಮ್ಮ ತಲಿ ನನ್ನ ತಲಿ."

"ತಗೋ ತಾಯಿ, ಅದರ ನೋವೂ ನೀನ ತಗೋ," ಅಂದಳು ಲಾಲಬೀ. ಅವಳಿಗೇ ನಗು ಬಂತು.

ಎರಡನೆಯ ಸಲ ಲಾಲಬೀ ಯಂತ್ರದ ಮುಂದೆ ಕೂತಾಗ ವಿರೂಪಮ್ಮ ಒಂದು ಅಂಗೈಯನ್ನು ಅವಳ ತಲೆಯ ಹಿಂದೆ ಆನಿಸಿ, ಇನ್ನೊಂದನ್ನು ಅವಳ ಕೈಗೆ ಕೊಟ್ಟಳು. ಫಳ್, ಫಳ್. ಲಾಲಬೀಯ ಬೆರಳುಗಳು ತಮ್ಮಷ್ಟಕ್ಕೆ ಕೆಲಸಕ್ಕಿಳಿದವು: ಆ ಕೈಯ ಗೆಣ್ಣುಗಳನ್ನು ಒತ್ತಿ, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಮುಂಗೈವರೆಗೆ ಸವರಿದವು. ನಡುವೆ ಒಮ್ಮೆ ಚುಚ್ಚಿತು. "ನೋಯ್ತೈತಿ," ಅಂದಳು. ನಿಲ್ಲಿಸಿದರು. ಮತ್ತೆ ಶುರುವಾಯಿತು. ತಲೆ ಅಲುಗಲಿಲ್ಲ.

"ಮುಗೀತಮ್ಮ," ಅಂದರು ಡಾಕ್ಟರು.

"ಎರಡು ಆರು," ಅಂದಳು ಲಾಲಬೀ.

"ಏನ್ರಿ ಅದು?"

"ನಿನ್ನ ಬಳಿ ಅಳತಿ. ಬರಿಗೈ ಯಾಕವ್ವ?"

"ಡ್ಯೂಟಿಯಾಗ ಹಾಕಂಗಿಲ್ರಿ," ಅನ್ನುತ್ತಲೇ ವಿರೂಪಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು. ಇನ್ನೊಬ್ಬರ ಹೆಸರು ಕೂಗಿದ್ದರು.

ಕಣ್ಣಿನ ಮಂಜು ಕರಗುವತನಕ ಲಾಲಬೀ ಬೆಂಚಿನ ಮೇಲೆ ಕಾದಳು. ಸಂಜೆಯ ಬಸ್ಸಿನಲ್ಲಿದ್ದಾಗ ಗಂಡನ ಫೋನು ಬಂತು.

"ಆತಾ?"

"ಆತು. ಅಲ್ಲಾಡಲಿಲ್ಲ ನಾನು."

ಸಾಲು ಮುಂದೆ ಸರಿಯಿತೆಂದು ಆತ ಫೋನಿಟ್ಟ. ಯಾರ ಕೈ ಹಿಡಿದು ಕೂತಿದ್ದೆ ಎಂದು ಹೇಳುವುದು ಉಳಿದೇ ಹೋಯಿತು. ಪಕ್ಕದ ಸೀಟು ಸಿರುಗುಪ್ಪದವರೆಗೂ ಖಾಲಿಯಿತ್ತು; ಲಾಲಬೀ ಅದರ ಮೇಲೆ ಅಂಗೈಯನ್ನು ಸಡಿಲವಾಗಿ ಬಿಟ್ಟು ಕೂತಿದ್ದಳು.